ಹಳಿಯ ಮೇಲಿನ ಹಾಸು

"ಗುರುಗಳೇ, ಜನರಿಗೆ ತಾಳ್ಮೆಯನ್ನು ಕಲಿಸುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಅವನು ಓದಲೆಂದು ಮಠ ಸೇರಿ ಎರಡು ವರ್ಷವಾಗಿತ್ತು. ಉಳ್ಳವರ ಮನೆಯ ಹುಡುಗ, ಪಾಠದಲ್ಲಿ ಚುರುಕು. ಬೇರೆಯವರಿಗೆ ಏನನ್ನು ಕಲಿಸಬೇಕೆಂಬುದು ಅವನಿಗೆ ಬೇಗ ಹೊಳೆಯುತ್ತಿತ್ತು.

"ಯಾರಿಗೆ ಕಲಿಸಬೇಕಾಗಿದೆ?" ಎಂದರು ಗುರುಗಳು.

"ಅಡುಗೆಮನೆಯವರಿಗೆ. ದಾಸೋಹದಲ್ಲಿ ಓದುವವರಾದ ನಾವು ಮೊದಲ ಪಂಕ್ತಿಯಲ್ಲಿ ಉಣ್ಣುತ್ತೇವೆ, ಅಡುಗೆ ಮಾಡಿದವರು ಕೊನೆಯ ಪಂಕ್ತಿಯಲ್ಲಿ. ಇದು ಹಿಂದಿನಿಂದ ನಡೆದುಬಂದದ್ದು. ಈಗ ದಿನ ಬಿಟ್ಟು ದಿನ ತಮಗೂ ಮೊದಲ ಪಂಕ್ತಿ ಬೇಕಂತೆ. ಕೊಡದಿದ್ದರೆ ನಾಳೆಯಿಂದ ಒಲೆ ಹೊತ್ತಿಸುವುದಿಲ್ಲವಂತೆ. ಕೊನೆಯ ಪಂಕ್ತಿಗೆ ಬರುವ ಹೊತ್ತಿಗೆ ಸಾರು ತೆಳ್ಳಗಾಗಿರುತ್ತದೆ ಎನ್ನುವುದು ಅವರ ದೂರು. ಸಾರಿಗಾಗಿ ಇಷ್ಟು ಹಟವೇ? ತಾಳ್ಮೆಗಿಂತ ದೊಡ್ಡ ಗುಣವಿಲ್ಲವೆಂದು ತಾವೇ ಹೇಳಿದ್ದೀರಿ."

"ಹೇಳಿದ್ದೇನೆ," ಎಂದರು ಗುರುಗಳು. "ಕುಳಿತುಕೋ. ಒಂದು ರೈಲಿನ ಕತೆ ಹೇಳುತ್ತೇನೆ."

ತಾಳ್ಮೆಗೂ ರೈಲಿಗೂ ಏನು ಸಂಬಂಧವೋ ಚನ್ನವೀರನಿಗೆ ತಿಳಿಯಲಿಲ್ಲ. ಆದರೂ ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಕಲ್ಲಿದ್ದಲು ಉರಿಸಿ ರೈಲು ಓಡಿಸುತ್ತಿದ್ದ ಕಾಲ. ಒಂದು ನೇಕಾರರ ಊರು. ಹಳಿ ಆ ಊರಿಗೇ ಮುಗಿಯುತ್ತಿತ್ತು. ಬೆಳಿಗ್ಗೆ ಅಲ್ಲಿಂದ ಪೇಟೆಗೆ ಒಂದು ರೈಲು ಹೋಗುತ್ತಿತ್ತು, ಸಂಜೆ ಅದೇ ರೈಲು ಮರಳುತ್ತಿತ್ತು. ರೈಲಿನ ಒಂದು ತುದಿಗೆ ಮೆತ್ತೆಯ ಡಬ್ಬಿ, ಅದರಲ್ಲಿ ವ್ಯಾಪಾರಿಗಳು. ಇನ್ನೊಂದು ತುದಿಗೆ ಹಲಗೆಯ ಡಬ್ಬಿ, ಅದರಲ್ಲಿ ನೇಕಾರರು. ನಡುವೆ ಉಳಿದವರೆಲ್ಲ.

ಹಳಿ ಮುಗಿದ ಊರಿನಲ್ಲಿ ರೈಲಿಗೆ ಒಂದು ಪೇಚಾಟ. ಎತ್ತಿನ ಗಾಡಿಯಂತೆ ಅದನ್ನು ಬೇಕಾದಲ್ಲಿ ತಿರುಗಿಸಲು ಬರುವುದಿಲ್ಲ. ಹಾಗಾಗಿ ಡಬ್ಬಿಗಳನ್ನು ನಿಂತಲ್ಲೇ ಬಿಟ್ಟು ಎಂಜಿನ್ ಒಂದನ್ನೇ ಕಳಚುತ್ತಿದ್ದರು. ದುಂಡನೆಯ ಗುಂಡಿಯೊಂದರಲ್ಲಿ ತಿರುಗುಮಣೆ ಇತ್ತು. ಎಂಜಿನ್ ಅದರ ಮೇಲೆ ಏರಿ ನಿಂತರೆ ನಾಲ್ಕಾರು ಆಳುಗಳು ಮಣೆಯನ್ನು ನೂಕಿ ಅದರ ಮುಖ ತಿರುಗಿಸುತ್ತಿದ್ದರು. ಆಮೇಲೆ ಎಂಜಿನ್ ಪಕ್ಕದ ಹಳಿಯ ಮೇಲೆ ಸಾಗಿ ರೈಲಿನ ಇನ್ನೊಂದು ತುದಿಗೆ ಕೂಡಿಕೊಳ್ಳುತ್ತಿತ್ತು. ಪೇಟೆಯಲ್ಲೂ ಇದೇ ಪದ್ಧತಿ. ಇದರಿಂದ ಬರುವಾಗ ಮೊದಲಿದ್ದ ಡಬ್ಬಿ ಹೋಗುವಾಗ ಕೊನೆಗೆ ಬೀಳುತ್ತಿತ್ತು.

ಎಂಜಿನ್ನಿನ ಬೆನ್ನಿಗಿರುವ ಡಬ್ಬಿ ಎಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ. ಹೊಗೆಯೆಲ್ಲ ಅದರೊಳಕ್ಕೆ, ಮಸಿಯೆಲ್ಲ ಅದರ ಮೇಲೆ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ಕಣ್ಣಿಗೆ ಕಿಡಿ ಬೀಳುತ್ತದೆ. ಬೆಳಿಗ್ಗೆ ಆ ಪಾಡು ವ್ಯಾಪಾರಿಗಳದು, ಸಂಜೆ ನೇಕಾರರದು. ಇದನ್ನು ಯಾರೂ ಕುಳಿತು ತೀರ್ಮಾನಿಸಿರಲಿಲ್ಲ. ಎಂಜಿನ್ ಜಾಗ ಬದಲಿಸುತ್ತಿದ್ದುದರಿಂದ ತಾನಾಗಿ ಬಂದ ನ್ಯಾಯ ಅದು. ತಾನಾಗಿ ಬಂದ ನ್ಯಾಯಕ್ಕೆ ಕಾವಲು ಇರುವುದಿಲ್ಲ.

ನೇಕಾರರಿಗೆ ಇದು ಅನುಕೂಲವಾಗಿಯೇ ಇತ್ತು. ಬೆಳಿಗ್ಗೆ ಬಿಳಿ ಪಂಚೆಗಳ ಗಂಟು ಹೊತ್ತು ಹೋಗುವಾಗ ಅವರ ಡಬ್ಬಿ ಕೊನೆಯದು, ಬಟ್ಟೆಗೆ ಮಸಿಯ ಭಯವಿಲ್ಲ. ಸಂಜೆ ಬರುವಾಗ ಮೈಮೇಲೆ ಮಸಿ ಬಿದ್ದರೆ ಬಚ್ಚಲಿಗೆ ಹೋಗಿ ತೊಳೆದುಕೊಂಡರಾಯಿತು.

ಆ ಡಬ್ಬಿಯಲ್ಲಿ ಶಂಕ್ರವ್ವ ಎಂಬ ಹೆಂಗಸು ವಾರಕ್ಕೊಮ್ಮೆ ಪೇಟೆಗೆ ಹೋಗುತ್ತಿದ್ದಳು. ಮಗ್ಗದಲ್ಲಿ ಕೂಡುವವನು ಗಂಡ. ನೂಲು ಸುತ್ತುವುದು, ಗಂಜಿ ಹಾಕುವುದು, ನೇಯ್ದ ಪಂಚೆಯನ್ನು ಪೇಟೆಯ ಅಂಗಡಿಗೆ ಮುಟ್ಟಿಸಿ ಮತ್ತೆ ನೂಲು ತರುವುದು, ಇವೆಲ್ಲ ಅವಳ ಪಾಲಿನ ಕೆಲಸ. ಆ ನೂಲು ಅವಳದಲ್ಲ. ಅದೇ ಊರಿನ ಒಬ್ಬ ವ್ಯಾಪಾರಿ ನೇಕಾರರ ಓಣಿಗೆಲ್ಲ ನೂಲು ಕೊಡುತ್ತಿದ್ದ, ನೇಯ್ದ ಬಟ್ಟೆಯನ್ನು ಪೇಟೆಯ ಅಂಗಡಿಯಲ್ಲಿ ನೋಡಿ ತೆಗೆದುಕೊಂಡು ಕೂಲಿ ಕೊಡುತ್ತಿದ್ದ. ಅವನು ನೂಲು ಕೊಟ್ಟರೆ ಮಗ್ಗ ಆಡುತ್ತಿತ್ತು. ಕೊಡದಿದ್ದರೆ ಮಗ್ಗವೂ ಒಲೆಯೂ ಒಟ್ಟಿಗೆ ತಣ್ಣಗಾಗುತ್ತಿದ್ದವು.

ಈ ವ್ಯಾಪಾರಿ ರುಮಾಲಿನ ಮನುಷ್ಯ. ಬೆಳಗಾದರೆ ಹಾಲಿನಂಥ ರುಮಾಲು ಸುತ್ತಿಕೊಂಡು ರೈಲು ಹತ್ತುತ್ತಿದ್ದ. ಪೇಟೆಯಲ್ಲಿ ಇಳಿಯುವಾಗ ಅದು ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಯಾವ ಒಲೆ ಊದಿ ಬಂದಿರಿ ಎಂದು ಪೇಟೆಯವರು ಕಿಚಾಯಿಸುತ್ತಿದ್ದರು. ಅವನಿಗೆ ರೇಗುತ್ತಿತ್ತು. ತನ್ನಂಥ ನಾಲ್ವರನ್ನು ಕೂಡಿಸಿಕೊಂಡು ರೈಲಿನ ದೊಡ್ಡ ಅಧಿಕಾರಿಯ ಮನೆಗೆ ಹೋಗಿ ಬಂದ. ದೊಡ್ಡ ದೊಡ್ಡ ಊರುಗಳಲ್ಲಿ ಬರೀ ಎಂಜಿನ್ ಅಲ್ಲ, ಇಡೀ ರೈಲನ್ನೇ ತಿರುಗಿಸುತ್ತಾರೆ, ನಮ್ಮಲ್ಲೇಕೆ ಆಗಬಾರದು ಎಂದ. ಅಧಿಕಾರಿಗೆ ಅದು ಒಳ್ಳೆಯ ಮಾತಾಗಿ ಕಂಡಿತು. ಹಲಗೆಯ ಡಬ್ಬಿಯವರನ್ನು ಯಾರೂ ಕೇಳಲಿಲ್ಲ.

ಪೇಟೆಯ ಕಡೆ ಜಾಗ ಧಾರಾಳವಾಗಿತ್ತು. ಅಲ್ಲಿ ದೊಡ್ಡ ಸುತ್ತಿನ ಹಳಿ ಹಾಕಿದರು, ರೈಲು ಸುತ್ತು ಹೊಡೆದು ಬರುತ್ತಿತ್ತು. ನೇಕಾರರ ಊರಿನಲ್ಲಿ ಅಷ್ಟು ಜಾಗವಿಲ್ಲದ ಕಾರಣ ಮುಕ್ಕೋನದ ಹಳಿ ಹಾಕಿದರು. ರೈಲು ಮುಕ್ಕೋನದ ಒಂದು ಬದಿಯಿಂದ ಮುಂದೆ ಹೋಗಿ ಬಾಲದಂಥ ಒಂದು ಹಳಿಯಲ್ಲಿ ನಿಲ್ಲುತ್ತದೆ. ಇನ್ನೊಂದು ಬದಿಯಿಂದ ಹಿಂದೆ ಸರಿಯುತ್ತದೆ. ಮೂರನೆಯ ಬದಿಯಿಂದ ನಿಲ್ದಾಣಕ್ಕೆ ಬರುವಾಗ ಅದರ ಮುಖ ಪೇಟೆಯ ಕಡೆಗೆ ತಿರುಗಿರುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಗಾಡಿಯವನು ಸಂದಿಗೆ ನುಗ್ಗಿಸಿ, ಹಿಂದೆ ಸರಿಸಿ, ಬಂದ ದಾರಿಗೆ ಎತ್ತುಗಳ ಮುಖ ತಿರುಗಿಸುವುದಿಲ್ಲವೇ, ಹಾಗೆ. ಪ್ರತಿದಿನ ಬೆಳಿಗ್ಗೆ ಜನ ಹತ್ತುವ ಮೊದಲು ಈ ಕೆಲಸ ನಡೆಯುತ್ತಿತ್ತು.

ಆದರೆ ಇಡೀ ರೈಲು ತಿರುಗಿದರೆ ಎಂಜಿನ್ನಿನ ಬೆನ್ನಿಗೆ ಯಾರಿದ್ದರೋ ಅವರೇ ಬೆನ್ನಿಗೆ ಉಳಿಯುತ್ತಾರೆ. ಮೊದಲ ಸಲ ತಿರುಗಿಸಿದ ದಿನ ಎಂಜಿನ್ನಿನ ಬೆನ್ನಿಗೆ ಇದ್ದದ್ದು ಹಲಗೆಯ ಡಬ್ಬಿ. ಅಂದಿನಿಂದ ಹೋಗುವಾಗಲೂ ಮಸಿ ಅದಕ್ಕೇ, ಬರುವಾಗಲೂ ಅದಕ್ಕೇ. ಮೆತ್ತೆಯ ಡಬ್ಬಿ ಯಾವತ್ತೂ ಕೊನೆಯಲ್ಲಿ ತಂಗಾಳಿ ಕುಡಿಯುತ್ತ ಬಂತು.

ಶಂಕ್ರವ್ವ ಪಂಚೆಯ ಗಂಟಿಗೆ ಹಳೆಯ ಸೀರೆ ಸುತ್ತಿದಳು. ಅದರ ಮೇಲೆ ಕಂಬಳಿ ಸುತ್ತಿದಳು. ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಮೇಲೆ ಬಾಗಿ ಕುಳಿತಳು. ಆದರೂ ಮಸಿ ಹೇಗೋ ನುಸುಳುತ್ತಿತ್ತು. ಅಂಗಡಿಯಲ್ಲಿ ವ್ಯಾಪಾರಿ ಪಂಚೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಅಂಚಿನಲ್ಲಿ, ಮಡಿಕೆಯಲ್ಲಿ, ಕಪ್ಪು ಚುಕ್ಕೆಗಳು ಬಿದ್ದಿದ್ದವು. ತೊಳೆಯುವಂತೆಯೂ ಇಲ್ಲ. ತೊಳೆದರೆ ಗಂಜಿ ಹೋಗಿ ಬಟ್ಟೆ ಸೋತುಹೋಗುತ್ತದೆ, ಹೊಸತೆಂದು ಯಾರೂ ಕೊಳ್ಳುವುದಿಲ್ಲ.

"ಇಂಥಾ ಬಟ್ಟಿ ಯಾರ್ ತಗೋತಾರವ್ವ?" ಎಂದ ವ್ಯಾಪಾರಿ.

"ರೈಲಿನ ಮಸಿ ರೀ ಅದು. ಮುಂಜಾನಿ ನಮ್ಮ ಡಬ್ಬಿ ಹಿಂದ ಇರ್ತಿತ್ತು. ಈಗ ಎರಡೂ ಹೊತ್ತು ಎಂಜಿನ್ನಿನ ಬೆನ್ನಿಗೇ ಕಟ್ಯಾರ. ನಿಮ್ಮ ಮಾತು ಮ್ಯಾಲಿನವರ ಹತ್ರ ನಡೀತೈತಿ ಸಾವ್ಕಾರ್ರ. ಮೊದಲಿನಂಗ ಮಾಡಸ್ರಿ."

"ಜಗತ್ತು ನಮ್ಮ ಮನಸಿಗೆ ಬಂದಂಗ ನಡ್ಯಾಂಗಿಲ್ಲವ್ವ. ಒಂದೀಟು ತಾಳಿಕೋಬೇಕು. ತಾಳಿಕೊಳ್ಳೂದು ದೊಡ್ಡ ಗುಣ."

ಹೀಗೆಂದು ಅವನು ಮಸಿಯ ಪಂಚೆಗಳನ್ನು ಅವಳ ಕಡೆಗೆ ಸರಿಸಿದ. ಅವುಗಳಿಗೆ ಕೂಲಿ ಇಲ್ಲ, ಮುಂದಿನ ಸಲವೂ ಹೀಗೇ ತಂದರೆ ನೂಲು ಇಲ್ಲ ಎಂದ. ಶಂಕ್ರವ್ವ ಅವನ ರುಮಾಲನ್ನು ನೋಡಿದಳು. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಓಣಿಯ ಎಲ್ಲರದೂ ಇದೇ ಪಾಡಾಗಿತ್ತು. ಒಂದು ಮಳೆಗಾಲವಿಡೀ ತಾಳಿದರು. ಸ್ಟೇಷನ್ ಮಾಸ್ತರರನ್ನು ಕೇಳಿದರು. ಮೇಲಿನ ಹುಕುಂ, ತಾನೇನು ಮಾಡಲಿ ಎಂದರು ಅವರು. ಅವರು ಕೆಟ್ಟವರಲ್ಲ, ಕೈ ಕಟ್ಟಿಸಿಕೊಂಡವರು. ನೇಕಾರರು ಅಧಿಕಾರಿಯ ಮನೆಯವರೆಗೂ ಹೋದರು. ಗೇಟಿನಲ್ಲಿ ನಿಲ್ಲಿಸಿ ಕಳಿಸಿದರು. ಇನ್ನೇನು ಮಾಡುವುದು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೇನು ಮಾಡುವುದು ಎನ್ನುವ ಮಾತು ಕೇಳಿ ಕೇಳಿ ಶಂಕ್ರವ್ವಳಿಗೆ ಸಾಕಾಗಿತ್ತು.

ಈಗ ಹಾಸಿನ ವಿಷಯ ಹೇಳಬೇಕು. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿಗೆ ಹಾಸು ಎನ್ನುತ್ತಾರೆ. ಏರಿಸುವ ಮೊದಲು ಅದನ್ನು ಬಯಲಿನಲ್ಲಿ ಉದ್ದಕ್ಕೆ ಎಳೆದು, ಕತ್ತರಿಯಂತೆ ಕಟ್ಟಿದ ಗೂಟಗಳ ಮೇಲೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಗಂಜಿ ಹಸಿಯಿರುವಾಗ ಸುತ್ತಿದರೆ ಎಳೆಗೆ ಎಳೆ ಅಂಟಿಕೊಂಡು ಇಡೀ ಹಾಸು ಹಗ್ಗವಾಗುತ್ತದೆ, ಮತ್ತೆ ಯಾತಕ್ಕೂ ಬರುವುದಿಲ್ಲ. ಒಮ್ಮೆ ಗಂಜಿ ಹಚ್ಚಿದ ಹಾಸನ್ನು ಒಣಗುವವರೆಗೆ ದೇವರು ಬಂದರೂ ಎತ್ತುವ ಹಾಗಿಲ್ಲ. ಊರಿನಲ್ಲಿ ಇದಕ್ಕೆಂದೇ ಒಂದು ನೇರವಾದ ಬಯಲು ಇತ್ತು. ಮುಕ್ಕೋನದ ಬಾಲದ ಹಳಿಯನ್ನು ಹಾಕಿದ್ದು ಅದೇ ಬಯಲಿನಲ್ಲಿ. ರೈಲು ತಿರುಗಿಹೋದ ಮೇಲೆ ಹಳಿಯ ನಡುವೆಯೇ ಹಾಸು ಹಾಕಿಕೊಳ್ಳಲು ಸ್ಟೇಷನ್ ಮಾಸ್ತರರು ಬಿಟ್ಟಿದ್ದರು.

ಒಂದು ಸಂಜೆ ಶಂಕ್ರವ್ವ ಓಣಿಯ ಕಟ್ಟೆಯ ಬಳಿ ನಿಂತು ಹೇಳಿದಳು. ನಾಳೆ ತಾನು ರೈಲು ತಿರುಗುವ ಮೊದಲೇ ಹಾಸು ಹಾಕುತ್ತೇನೆ, ಬರುವವರು ಬರಬಹುದು ಎಂದಳು.

ಯಾರೂ ಬರುತ್ತೇವೆ ಎನ್ನಲಿಲ್ಲ. ಒಬ್ಬ ಮುದುಕ ಕೆಮ್ಮಿದ. ನೂಲು ಹರಿದುಹೋದರೆ ವ್ಯಾಪಾರಿಗೆ ಏನು ಹೇಳುವೆ ಎಂದು ಒಬ್ಬಳು ಕೇಳಿದಳು. ಶಂಕ್ರವ್ವ ಮನೆಗೆ ಹೋಗಿ ಗಂಜಿ ಕಾಯಿಸಿಟ್ಟಳು. ಹೆದರಿಕೆಯಾಗುವುದಿಲ್ಲವೇ ಎಂದು ಗಂಡ ಕೇಳಿದಾಗ, ಆಗುತ್ತದೆ ಎಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಬೆಳಕು ಹರಿಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೇ ಬಯಲಿಗೆ ಹೋದರು. ಹಳಿಯ ನಡುವೆ ಗೂಟ ನಿಲ್ಲಿಸಿ ಹಾಸು ಬಿಗಿದರು. ಗಂಜಿ ಹಚ್ಚಿದರು. ಅಷ್ಟರಲ್ಲಿ ರೈಲು ಮುಕ್ಕೋನದ ತಿರುವಿನಲ್ಲಿ ಕಾಣಿಸಿಕೊಂಡಿತು. ಡ್ರೈವರ್ ದೂರದಿಂದಲೇ ಹಾಸನ್ನು ಕಂಡು ನಿಲ್ಲಿಸಿದ. ಶಿಳ್ಳೆ ಹಾಕಿದ. ಶಂಕ್ರವ್ವ ತಲೆ ಎತ್ತಲಿಲ್ಲ. ಕುಂಚ ಹಿಡಿದು ತಿಕ್ಕುತ್ತಲೇ ಇದ್ದಳು.

ಸ್ಟೇಷನ್ ಮಾಸ್ತರರು ಓಡಿ ಬಂದರು. ಅವರ ಹಿಂದೆ ವ್ಯಾಪಾರಿಯೂ ಬಂದ. ನೂಲನ್ನು ನೋಡಿದ, ಶಂಕ್ರವ್ವಳನ್ನು ನೋಡಿದ. ಒಂದು ಹಾಸು ಹೋದರೆ ಹೋಗಲಿ, ಇವರನ್ನು ಪಕ್ಕಕ್ಕೆ ಸರಿಸಿ ರೈಲು ಬಿಡಿ ಎಂದ. ನಿಲ್ದಾಣದ ಇಬ್ಬರು ಆಳುಗಳು ಹಳಿಗೆ ಇಳಿದರು. ಶಂಕ್ರವ್ವಳಿಗೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ಅವನಿಗೆ ಒಂದು ಹಾಸು ಏನು ಮಹಾ? ಇಷ್ಟು ಸಣ್ಣ ವಿಷಯ ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಆಗ ಹಿಂದಿನಿಂದ ಗೂಟ ಊರುವ ಸದ್ದು ಕೇಳಿತು. ತಿರುಗಿ ನೋಡಿದಳು. ನಿನ್ನೆ ಕೆಮ್ಮಿದ್ದ ಮುದುಕ ಅವಳ ಹಾಸು ಮುಗಿದಲ್ಲಿ ತನ್ನ ಹಾಸನ್ನು ಬಿಗಿಯುತ್ತಿದ್ದ. ಅವನಾಚೆ ಇನ್ನೊಂದು ಮನೆಯವರು, ಅವರಾಚೆ ಮತ್ತೊಂದು ಮನೆಯವರು. ಎಲ್ಲರ ಕೈಯಲ್ಲೂ ಗಂಜಿಯ ಗಡಿಗೆ. ಗಂಜಿ ಆ ಕ್ಷಣಕ್ಕೆ ಆಗುವ ವಸ್ತುವಲ್ಲ, ಹಿಂದಿನ ದಿನವೇ ಕಾಯಿಸಿ ಆರಿಸಬೇಕು. ಸಂಜೆ ಕಟ್ಟೆಯ ಬಳಿ ಬಾಯಿ ಬಿಡದೆ ಹೋದವರೆಲ್ಲ ಮನೆಗೆ ಹೋಗಿ ಗಂಜಿ ಕಾಯಿಸಿದ್ದರು. ಶಂಕ್ರವ್ವಳಿಗೆ ಅಳು ಬಂತು. ಅಳುತ್ತಲೇ ತಿಕ್ಕಿದಳು.

ಆಳುಗಳು ನಿಂತಲ್ಲೇ ನಿಂತರು. ಬಾಲದ ಹಳಿ ತುದಿಯವರೆಗೂ ಬಿಳಿಯಾಯಿತು.

"ಎಲ್ಲಾ ತಗೀರಿ," ಎಂದ ವ್ಯಾಪಾರಿ. ದನಿ ಏರಿತ್ತು.

"ಹಸಿ ಐತ್ರಿ ಸಾವ್ಕಾರ್ರ. ಈಗ ಸುತ್ತಿದ್ರ ಹಗ್ಗ ಆಗ್ತೈತಿ. ರೈಲು ಬಿಡ್ತೀರೇನು, ಬಿಡ್ರಿ. ನೂಲು ನಿಮ್ದು. ಗಂಜಿ ಅಷ್ಟ ನಮ್ದು," ಎಂದಳು ಶಂಕ್ರವ್ವ.

ವ್ಯಾಪಾರಿ ಹಳಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಲಗ್ನದ ಸುಗ್ಗಿಗೆಂದು ಓಣಿಗೆ ಕೊಟ್ಟ ಅವನ ನೂಲೆಲ್ಲ ಅಲ್ಲಿ ಗೂಟದ ಮೇಲಿತ್ತು. ಎಂಜಿನ್ ಒಂದು ಮಾರು ಮುಂದೆ ಬಂದರೆ ಹರಿಯುವುದು ನೇಕಾರರದಲ್ಲ, ಅವನದು.

"ಒಣಗಾಕ ಎಷ್ಟೊತ್ತು ಬೇಕು?" ಎಂದು ಕೇಳಿದ.

"ಬಿಸಿಲು ಏರಬೇಕ್ರಿ. ಒಂದೀಟು ತಾಳಿಕೋರಿ. ದೊಡ್ಡ ಗುಣ ಅಂತ ನೀವ ಹೇಳೀರಿ."

ಎಂಜಿನ್ನಿನ ಮೇಲಿಂದ ಡ್ರೈವರ್ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಕಲ್ಲಿದ್ದಲು ಎತ್ತುವವನೂ ನಕ್ಕ. ಸ್ಟೇಷನ್ ಮಾಸ್ತರರು ಗಡಿಯಾರ ನೋಡಿದರು. ರೈಲು ಬಿಸಿಲಿಗೆ ಕಾಯುವುದಿಲ್ಲ, ಪೇಟೆಗೆ ಹೊರಡಲೇಬೇಕು. ಅವರು ಡಬ್ಬಿಗಳನ್ನು ನಿಲ್ದಾಣಕ್ಕೆ ಹಿಂದೆ ತಳ್ಳಿಸಿ, ಎಂಜಿನ್ ಒಂದನ್ನೇ ಹಳೆಯ ತಿರುಗುಮಣೆಗೆ ಏರಿಸಿದರು. ಬಳಸದೆ ಬಿಟ್ಟಿದ್ದ ಮಣೆ ಕಿರುಗುಟ್ಟಿತು. ಗಂಜಿ ಕೈಯ ನೇಕಾರರೂ ಹೋಗಿ ನೂಕಿದರು. ಎಂಜಿನ್ ಮುಖ ತಿರುಗಿಸಿಕೊಂಡು ಬಂದು ಇನ್ನೊಂದು ತುದಿಗೆ ಕೂಡಿಕೊಂಡಿತು. ಆ ತುದಿಯಲ್ಲಿ ಇದ್ದದ್ದು ಮೆತ್ತೆಯ ಡಬ್ಬಿ.

ಅಂದು ಪೇಟೆಯಲ್ಲಿ ಏನೂ ಅರಿಯದವರು ಎಂದಿನಂತೆ ಇಡೀ ರೈಲನ್ನು ಸುತ್ತಿನ ಹಳಿಯ ಮೇಲೆ ತಿರುಗಿಸಿ ಕಳಿಸಿದರು. ಇಡೀ ರೈಲು ತಿರುಗಿದರೆ ಎಂಜಿನ್ನಿನ ಬೆನ್ನಿಗೆ ಯಾರಿದ್ದರೋ ಅವರೇ ಉಳಿಯುತ್ತಾರಲ್ಲ, ವ್ಯಾಪಾರಿ ಹೋಗುವಾಗಲೂ ಹೊಗೆ ಕುಡಿದ, ಬರುವಾಗಲೂ ಕುಡಿದ. ಸಂಜೆ ಇಳಿದವನು ಮುಖ ತೊಳೆಯುವಷ್ಟೂ ತಡೆಯಲಿಲ್ಲ. ನೆಟ್ಟಗೆ ಸ್ಟೇಷನ್ ಮಾಸ್ತರರ ಕೋಣೆಗೆ ನುಗ್ಗಿದ. ಇಡೀ ರೈಲು ತಿರುಗಿಸುವುದು ಸಾಕು, ಎರಡು ಕಡೆಯೂ ಎಂಜಿನ್ ಒಂದೇ ತಿರುಗಲಿ, ಮನುಷ್ಯರು ಕೂರುವ ರೈಲೇ ಇದು ಎಂದು ಕೂಗಾಡಿದ. ಅಧಿಕಾರಿಯ ಮನೆಗೂ ಅವನೇ ಹೋದ. ಅವನನ್ನು ಗೇಟಿನಲ್ಲಿ ಯಾರೂ ನಿಲ್ಲಿಸಲಿಲ್ಲ. ಕೆಲವೇ ದಿನಗಳಲ್ಲಿ ಮೊದಲು ಪೇಟೆಯಲ್ಲಿ, ಆಮೇಲೆ ಊರಿನಲ್ಲಿ ಹಳೆಯ ಪದ್ಧತಿ ಮರಳಿತು. ಮಸಿ ಬೆಳಿಗ್ಗೆ ಮೆತ್ತೆಯ ಡಬ್ಬಿಗೆ, ಸಂಜೆ ಹಲಗೆಯ ಡಬ್ಬಿಗೆ.

ಆದರೂ ವ್ಯಾಪಾರಿಯ ಸಿಟ್ಟು ಆರಲಿಲ್ಲ. ಶಂಕ್ರವ್ವಳಿಗೆ ಮಾತ್ರ ಇನ್ನು ನೂಲು ಇಲ್ಲ ಎಂದ. ಅವಳು ಬರಿಗೈಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಓಣಿಯವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಪಂಚೆ ಒಪ್ಪಿಸಿ, ತಮ್ಮ ನೂಲನ್ನು ಮುಟ್ಟದೆ ಬಂದು ಅವಳ ಪಕ್ಕದಲ್ಲಿ ಕುಳಿತರು. ಗಿರಾಕಿಗಳು ಅವರನ್ನು ದಾಟಿಕೊಂಡು ಒಳಗೆ ಹೋಗಬೇಕಾಯಿತು, ಇದೇನು ಎಂದು ವಿಚಾರಿಸಬೇಕಾಯಿತು. ಸಂಜೆಯ ರೈಲು ಹೊರಡುವ ಮೊದಲು ಶಂಕ್ರವ್ವಳ ನೂಲು ತಾನೇ ಹೊರಗೆ ಬಂತು. ಅವಳು ಅದನ್ನು ಹೊತ್ತುಕೊಂಡು ರೈಲು ಹತ್ತಿದಳು. ಅಂದು ಸಂಜೆಯ ಮಸಿ ಹಲಗೆಯ ಡಬ್ಬಿಯದು. ಕಿಟಕಿ ತೆರೆದೇ ಕುಳಿತಳು.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯ ಕಡೆಯಿಂದ ಇವತ್ತು ಪಾತ್ರೆಗಳ ಸದ್ದೂ ಕಡಿಮೆಯಿತ್ತು.

ಚನ್ನವೀರನಿಗೆ ಕತೆ ಹಿಡಿಸಿತ್ತು, ಅದಕ್ಕೇ ಕಿರಿಕಿರಿಯೂ ಆಗಿತ್ತು. "ಶಂಕ್ರವ್ವ ಗಟ್ಟಿಗಿತ್ತಿ, ಒಪ್ಪಿದೆ," ಎಂದ. "ಆದರೆ ಗುರುಗಳೇ, ತಾಳಿಕೊಳ್ಳುವುದು ದೊಡ್ಡ ಗುಣ ಎಂದು ವ್ಯಾಪಾರಿ ಹೇಳಿದನಲ್ಲ, ಆ ಮಾತಿನಲ್ಲಿ ತಪ್ಪೇನಿದೆ?"

"ಮಾತಿನಲ್ಲಿ ತಪ್ಪೇನೂ ಇಲ್ಲ ಚನ್ನವೀರ, ನೀನು ಯಾವ ಡಬ್ಬಿಯಲ್ಲಿ ಕುಳಿತು ಅದನ್ನು ಹೇಳುತ್ತಿದ್ದೀಯೆ?" ಎಂದರು ಗುರುಗಳು.